‘ದಿನಾ ಕುಡೀತೀರಾ?’ ಅಂತ ಕೇಳಬೇಡಿ, ‘ಒಂದು ಸಲಕ್ಕೆ ಎಷ್ಟು?’ ಅಂತ ಕೇಳಿ

ರಾಜ್ಯದ ಆರೋಗ್ಯ ಸಚಿವರಿಗೆ, ಶಿವಮೊಗ್ಗ ಜಿಲ್ಲೆಯ ಆರೋಗ್ಯ ಅಧಿಕಾರಿಗಳಿಗೆ, ಜೊತೆಗೆ ನನ್ನ ಹಾಗೆ ಅಡಿಕೆ ತೋಟ ನಂಬಿಕೊಂಡಿರುವ ಮಲೆನಾಡಿನ ಮನೆಗಳಿಗೆ,

ನಮಸ್ಕಾರ.

ನಾನು ಹೊಸನಗರ ತಾಲ್ಲೂಕಿನವಳು. ಎರಡು ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ, ಎರಡು ಹಸು. ಹುಲಿಕಲ್ ಘಾಟಿಗೆ ಹತ್ತಿರದ ಊರು, ಹಾಗಾಗಿ ನಮ್ಮ ಮಳೆಗಾಲ ಹೇಗಿರುತ್ತದೆ ಅಂತ ನಿಮಗೆ ಬೇರೆ ಹೇಳಬೇಕಾಗಿಲ್ಲ. ಈ ಪತ್ರ ಬರೆಯಲು ಕಾರಣ ಒಂದು ಪ್ರಶ್ನೆ. ಆಶಾ ಕಾರ್ಯಕರ್ತೆಯರ ಫಾರಂನಲ್ಲಿರುವ ಒಂದೇ ಒಂದು ಪ್ರಶ್ನೆ.

ಹೋದ ವರ್ಷ ಆಷಾಢದ ಒಂದು ಬೆಳಿಗ್ಗೆ ನಮ್ಮೂರಿನ ಆಶಾ ಮನೆಗೆ ಬಂದಳು. ನನಗಿಂತ ಚಿಕ್ಕವಳು. ನನ್ನನ್ನು ಅಕ್ಕ ಅಂತಾಳೆ, ನಮ್ಮನೆಯವರನ್ನು ಭಾವ ಅಂತಾಳೆ. ಕೊಡೆ ಕೊಡವಿ ಜಗುಲಿಯ ಮೂಲೆಗೆ ಒರಗಿಸಿದಳು. ಫಾರಂ ನೆನೆಯದಿರಲಿ ಅಂತ ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದಳು. 30 ವರ್ಷ ದಾಟಿದವರಿಗೆಲ್ಲ ಕೇಳುವ ಫಾರಂ ಅದು. ವಯಸ್ಸು ಎಷ್ಟು, ಹೊಗೆಸೊಪ್ಪು ಹಾಕ್ತೀರಾ, ಸೊಂಟದ ಸುತ್ತಳತೆ ಎಷ್ಟು, ಮೈ ಬಗ್ಗಿಸಿ ಕೆಲಸ ಮಾಡ್ತೀರಾ, ಮನೆಯಲ್ಲಿ ಯಾರಿಗಾದರೂ ಬಿಪಿ, ಶುಗರ್, ಹೃದಯದ ಕಾಯಿಲೆ ಇದೆಯಾ ಅಂತೆಲ್ಲ ಕೇಳುತ್ತಾರೆ. ನಡುವೆ ಒಂದು ಪ್ರಶ್ನೆ: ಪ್ರತಿದಿನ ಮದ್ಯ ಕುಡಿಯುತ್ತೀರಾ? ಹೌದು ಅಂದರೆ ಒಂದು ಅಂಕ, ಇಲ್ಲ ಅಂದರೆ ಸೊನ್ನೆ.

ಆ ಪ್ರಶ್ನೆ ಬಂದಾಗ ಅವಳು ತಲೆ ಎತ್ತಲಿಲ್ಲ. ಫಾರಂ ನೋಡಿಕೊಂಡೇ ಮೆತ್ತಗೆ ಕೇಳಿದಳು, “ಭಾವ, ದಿನಾ ಕುಡೀತೀರಾ?”

“ಇಲ್ಲ ಮಾರಾಯ್ತಿ, ದಿನಾ ಎಲ್ಲಿ?” ಅಂದರು ಇವರು.

ಸುಳ್ಳಲ್ಲ. ಇವರು ದಿನಾ ಕುಡಿಯುತ್ತಿರಲಿಲ್ಲ. ಅವಳು ಸೊನ್ನೆ ಹಾಕಿದಳು. ಅದೂ ತಪ್ಪಲ್ಲ. ಹೊಗೆಸೊಪ್ಪು, ವಯಸ್ಸು ಎಲ್ಲ ಸೇರಿ ಇವರ ಒಟ್ಟು ಸರಿಯಾಗಿ 4 ಬಂತು. 4 ದಾಟಿದರೆ ಅಪಾಯ ಇರಬಹುದು, ಅಂಥವರನ್ನು ಮೊದಲು ಪರೀಕ್ಷೆಗೆ ಕಳಿಸಬೇಕು ಅಂತ ಲೆಕ್ಕ. ಇವರದು ದಾಟಲಿಲ್ಲ. ಕೆಲವು ವಾರ ಬಿಟ್ಟು ಸಿಸ್ಟರ್ ಬಂದು ಬಿಪಿ ನೋಡಿದಾಗ 148/94 ಇತ್ತು. ಉಪ್ಪು ಕಡಿಮೆ ಮಾಡಿ, ಇನ್ನೊಂದು ಸಲ ನೋಡೋಣ ಅಂದರು. ನಾನು ಅಂದೇ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯನ್ನು ಅಟ್ಟಕ್ಕೆ ಹಾಕಿದೆ. ಕಬ್ಬಿಣದ ಬೀರುವಿನಲ್ಲಿದ್ದ ಕ್ವಾರ್ಟರ್ ಬಾಟಲಿ ಅಲ್ಲೇ ಇತ್ತು. ಅದಕ್ಕೂ ಬಿಪಿಗೂ ಸಂಬಂಧ ಇದೆ ಅಂತ ನಮ್ಮ ತಲೆಗೆ ಹೊಳೆಯಲೇ ಇಲ್ಲ. ನಮಗೆ ಯಾರೂ ಹೇಳಲೂ ಇಲ್ಲ.

ಆಗ ಹಾಸನದ ಸುದ್ದಿ ಜೋರಾಗಿತ್ತು. 2025ರ ಜೂನ್, ಜುಲೈಯಲ್ಲಿ ಅಲ್ಲಿ ಒಬ್ಬರ ಹಿಂದೆ ಒಬ್ಬರು ಹೃದಯಾಘಾತದಿಂದ ತೀರಿಕೊಂಡರು ಅಂತ ಟಿವಿಯಲ್ಲಿ ದಿನಾ ಬರುತ್ತಿತ್ತು. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲುಗಟ್ಟಿದರು. ಸರ್ಕಾರ ತಜ್ಞರ ಸಮಿತಿ ಮಾಡಿತು. ನಮ್ಮೂರ ಅಂಗಡಿ ಕಟ್ಟೆಯಲ್ಲೂ ಅದೇ ಮಾತು. ಲಸಿಕೆಯಿಂದ ಅಂದರು, ಬ್ರಾಯ್ಲರ್ ಕೋಳಿಯಿಂದ ಅಂದರು, ಎಣ್ಣೆಯಿಂದ ಅಂದರು. ಎಣ್ಣೆ ಅಂದದ್ದು ಅಡುಗೆ ಎಣ್ಣೆಯನ್ನು. ಇನ್ನೊಂದು ‘ಎಣ್ಣೆ’ಯ ಮಾತನ್ನು ಆ ಕಟ್ಟೆಯಲ್ಲಿ ಯಾರೂ ಎತ್ತಲಿಲ್ಲ.

ಇವರ ಅಭ್ಯಾಸ ಹೀಗಿತ್ತು. ಶನಿವಾರ, ಭಾನುವಾರ ರಾತ್ರಿ ಒಂದೊಂದು ಕ್ವಾರ್ಟರ್. ನೆಂಟರು ಬಂದರೆ ಒಂದೂವರೆ. ಕೊಯ್ಲಿನ ಕಾಲದಲ್ಲಿ ಇನ್ನೂ ಜಾಸ್ತಿ. ಊರಲ್ಲಿ ಯಾರೂ ಇವರನ್ನು ಕುಡುಕ ಅಂದಿಲ್ಲ. ದಾರಿಯಲ್ಲಿ ಬಿದ್ದವರಲ್ಲ, ಮನೆಯಲ್ಲಿ ದನಿ ಎತ್ತಿದವರಲ್ಲ, ಮರುದಿನ ತೋಟದ ಕೆಲಸ ತಪ್ಪಿಸಿದವರಲ್ಲ. ಮಲೆನಾಡಿನಲ್ಲಿ ಇಂಥ ಗಂಡಸರು ಎಷ್ಟು ಜನ ಇದ್ದಾರೆ ಅಂತ ನಿಮಗೂ ಗೊತ್ತು. ಸಂತೆ ದಿನ, ಬಟವಾಡೆ ದಿನ, ಮದುವೆಯ ಹಿಂದಿನ ರಾತ್ರಿ, ಜಾತ್ರೆ, ಹಬ್ಬದ ಮರುದಿನ. ದಿನಾ ಅಲ್ಲ. ಆದರೆ ಕುಡಿದ ದಿನ ಸರಿಯಾಗಿಯೇ ಕುಡಿಯುತ್ತಾರೆ.

ಡಿಸೆಂಬರಿನಲ್ಲಿ ಕೊಯ್ಲು ಮುಗಿಯಿತು. ಅಡಿಕೆ ಬೇಯಿಸುವ ಒಲೆ ಆರಿಸಿ, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರರ ಲೆಕ್ಕ ಚುಕ್ತಾ ಮಾಡಿ, ರಾತ್ರಿ ಕೋಳಿ ಸಾರು, ಕಡುಬು. ಏಳು ಗಂಟೆಯಿಂದ ಹನ್ನೊಂದರೊಳಗೆ ಇವರು ಎರಡು ಕ್ವಾರ್ಟರ್ ಮುಗಿಸಿದ್ದರು. ಬೆಳಗಿನ ಜಾವ ಮೂರಕ್ಕೆ ನನ್ನನ್ನು ಎಬ್ಬಿಸಿದರು. “ಎದೆ ಒಳಗೆ ಏನೋ ಒದ್ದಾಡ್ತಾ ಇದೆ” ಅಂದರು. ಗ್ಯಾಸ್ ಇರಬೇಕು ಅಂತ ಅವರೇ ಹೇಳಿದರು. ನಾನೂ ಹಾಗೇ ಅಂದುಕೊಂಡು ಜೀರಿಗೆ ಕಷಾಯ ಮಾಡಿಕೊಟ್ಟೆ. ಲೋಟ ಹಿಡಿದ ಕೈ ನಡುಗುತ್ತಿತ್ತು. ಮಣಿಕಟ್ಟು ಹಿಡಿದು ನೋಡಿದೆ.

ಮಳೆ ನಿಂತ ಮೇಲೆ ಮಾಡಿನ ಅಡಿಕೆ ದಬ್ಬೆಯಿಂದ ನೀರು ತೊಟ್ಟಿಕ್ಕುವುದನ್ನು ಕೇಳಿದ್ದೀರಲ್ವಾ? ಬೇಗ ಬೇಗ ಎರಡು ಹನಿ, ಆಮೇಲೆ ಏನೂ ಇಲ್ಲ, ಮತ್ತೆ ಮೂರು, ಮತ್ತೆ ಒಂದು. ನಾಡಿ ಹಾಗಿತ್ತು. ಮೂವತ್ತು ವರ್ಷ ಪಕ್ಕದಲ್ಲಿ ಮಲಗಿದ ಮನುಷ್ಯನ ನಾಡಿ ಹಾಗೆ ಬಡಿಯುವುದನ್ನು ನಾನು ಕಂಡಿರಲಿಲ್ಲ.

ಪಕ್ಕದ ಮನೆಯವರ ಓಮ್ನಿಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೋದೆವು. ಇಸಿಜಿ ತೆಗೆದರು. ಹೃದಯಾಘಾತ ಅಲ್ಲ, ಆದರೆ ಬಡಿತ ಸರಿಯಿಲ್ಲ, ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಅಂದರು. ರಿಪ್ಪನ್‌ಪೇಟೆ ದಾಟಿ ಆಯನೂರಿನ ಹತ್ತಿರ ಬರುವಾಗ ಬೆಳಕು ಹರಿಯಿತು. ಅಷ್ಟು ದೂರವೂ ನಾನು ಆ ಕೈ ಬಿಟ್ಟಿರಲಿಲ್ಲ.

ಅಲ್ಲಿನ ಡಾಕ್ಟರು ಇಸಿಜಿ ಚೀಟಿ ನೋಡಿ ಮೊದಲು ಕೇಳಿದ್ದು, “ನಿನ್ನೆ ರಾತ್ರಿ ಎಷ್ಟು ಕುಡಿದಿರಿ?” ಕುಡಿಯುತ್ತೀರಾ ಅಂತಲೂ ಕೇಳಲಿಲ್ಲ, ದಿನಾ ಕುಡಿಯುತ್ತೀರಾ ಅಂತಲೂ ಕೇಳಲಿಲ್ಲ. ಇವರು ಮುಚ್ಚಿಡದೆ ಹೇಳಿದರು. ಪ್ರಶ್ನೆ ಸರಿಯಾಗಿದ್ದರೆ ಉತ್ತರವೂ ಸರಿಯಾಗಿ ಬರುತ್ತದೆ ಅಂತ ನನಗೆ ಅವತ್ತು ಗೊತ್ತಾಯಿತು.

ಕಾಯಿಲೆಯ ಹೆಸರು ಏಟ್ರಿಯಲ್ ಫಿಬ್ರಿಲೇಷನ್. ಹೃದಯದ ಮೇಲಿನ ಎರಡು ಕೋಣೆಗಳು ಒಂದೇ ಲೆಕ್ಕದಲ್ಲಿ ಹಿಂಡುವುದನ್ನು ಬಿಟ್ಟು ಅದುರುತ್ತಾ ಇರುತ್ತವೆ. ಹಾಗಾದಾಗ ರಕ್ತ ಮುಂದಕ್ಕೆ ಸರಿಯಾಗಿ ಹೋಗದೆ ಅಲ್ಲೇ ನಿಲ್ಲುತ್ತದೆ. ನಿಂತ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಿತ್ತುಕೊಂಡು ಮಿದುಳಿಗೆ ಹೋದರೆ ಪಾರ್ಶ್ವವಾಯು. ನಮ್ಮ ಕಡೆ ಲಕ್ವ ಹೊಡೆದು ಕೈಕಾಲು ಬಿದ್ದವರನ್ನು ನೋಡಿದಾಗ ಇದೂ ಒಂದು ಕಾರಣ ಇರಬಹುದು ಅಂತ ಯಾರಿಗೆ ಹೊಳೆಯುತ್ತದೆ? 1978ರಲ್ಲಿ ಅಮೆರಿಕದ ಡಾಕ್ಟರುಗಳು ಇದಕ್ಕೆ ಹಾಲಿಡೇ ಹಾರ್ಟ್ ಅಂತ ಹೆಸರಿಟ್ಟರಂತೆ. ವಾರದ ರಜೆಯಲ್ಲಿ, ಹಬ್ಬದ ರಜೆಯಲ್ಲಿ ಚೆನ್ನಾಗಿ ಕುಡಿದವರು ಬಡಿತ ತಪ್ಪಿದ ಎದೆ ಹಿಡಿದುಕೊಂಡು ಆಸ್ಪತ್ರೆಗೆ ಬರುತ್ತಿದ್ದರು, ಅದಕ್ಕೆ. ನಮ್ಮ ಭಾಷೆಯಲ್ಲಿ ಅದಕ್ಕೆ ಕೊಯ್ಲು ಮುಗಿದ ರಾತ್ರಿಯ ಕಾಯಿಲೆ ಅನ್ನಬಹುದು.

ಎರಡನೇ ದಿನ, ಬಡಿತ ದಾರಿಗೆ ಬಂದ ಮೇಲೆ, ಡಾಕ್ಟರು ಇಸಿಜಿ ಕವರಿನ ಹಿಂದೆ ಒಂದು ಲೆಕ್ಕ ಬರೆದು ತೋರಿಸಿದರು. ಆ ಕವರು ಈಗ ನನ್ನ ಮುಂದೆ ಇದೆ. ಒಂದು ಕ್ವಾರ್ಟರ್ ಅಂದರೆ 180 ಮಿಲಿ. ವಿಸ್ಕಿ, ಬ್ರಾಂಡಿ, ರಮ್ ಬಾಟಲಿಯ ಮೇಲೆ ಸಾಮಾನ್ಯವಾಗಿ ಶೇ 42.8 ಅಂತ ಇರುತ್ತದೆ. ಅಂದರೆ ಅದರಲ್ಲಿ 77 ಮಿಲಿ ಶುದ್ಧ ಆಲ್ಕೋಹಾಲ್. ತೂಕದಲ್ಲಿ ಸುಮಾರು 60 ಗ್ರಾಂ. ಒಂದೇ ಸಲಕ್ಕೆ 60 ಗ್ರಾಂ ಅಥವಾ ಜಾಸ್ತಿ ಕುಡಿದರೆ, ಅದು ತಿಂಗಳಿಗೆ ಒಂದು ಸಲ ಆದರೂ ಸರಿ, ವಿಶ್ವ ಆರೋಗ್ಯ ಸಂಸ್ಥೆ ಅದನ್ನು ವಿಪರೀತ ಕುಡಿತ ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಒಂದು ಕ್ವಾರ್ಟರ್. ನಾವು ‘ಬರೀ ಒಂದು ಕ್ವಾರ್ಟರ್’ ಅನ್ನುವುದು. ಸ್ಟ್ರಾಂಗ್ ಬಿಯರಿನ ಒಂದು ದೊಡ್ಡ ಬಾಟಲಿ, 650 ಮಿಲಿ, ಶೇ 8 ಇದ್ದರೆ 41 ಗ್ರಾಂ. 90 ಮಿಲಿಯ ಪ್ಯಾಕೆಟ್ ಒಂದಕ್ಕೆ 30 ಗ್ರಾಂ. ಇದನ್ನು ನಮ್ಮೂರಲ್ಲಿ ಯಾರೂ ಲೆಕ್ಕ ಹಾಕಿದ್ದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ಮದ್ದು ಮಾಡುವಾಗ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಅಂತ ಅಳೆದು ಹಾಕುವ ಜನ ನಾವು. ಹದ ಹೆಚ್ಚು ಕಡಿಮೆ ಆದರೆ ಅಡಿಕೆ ಕೈಗೆ ಹತ್ತುವುದಿಲ್ಲ ಅಂತ ಗೊತ್ತು. ಹೊಟ್ಟೆಗೆ ಹೋಗುವುದಕ್ಕೆ ಮಾತ್ರ ಅಳತೆ ಇಲ್ಲ.

ಆ ಎರಡು ದಿನದಲ್ಲಿ ತಿಳಿದ ಇನ್ನೂ ಕೆಲವು ಮಾತು ಹೇಳಬೇಕು. ಕುಡಿತ ಬಿಪಿ ಏರಿಸುತ್ತದೆ, ಕಡಿಮೆ ಮಾಡಿದರೆ ಕೆಲವು ವಾರಗಳಲ್ಲೇ ಬಿಪಿ ಇಳಿಯಲು ಶುರುವಾಗುತ್ತದೆ. ವರ್ಷಗಟ್ಟಲೆ ಜಾಸ್ತಿ ಕುಡಿದವರ ಹೃದಯದ ಸ್ನಾಯು ಸೋತು, ಹೃದಯ ಹಿಗ್ಗಿ, ರಕ್ತ ತಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ಕಾಲು ಊದಿಕೊಳ್ಳುತ್ತದೆ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ. ರಕ್ತದ ಕೊಬ್ಬಿನಲ್ಲಿ ಟ್ರೈಗ್ಲಿಸರೈಡ್ ಅನ್ನುವುದೂ ಏರುತ್ತದೆ. ಇವರಿಗೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದಾಗ ಹೃದಯದ ಮೇಲಿನ ಎಡ ಕೋಣೆ ಸ್ವಲ್ಪ ಹಿಗ್ಗಿದೆ ಅಂತ ಬಂತು. ಕುಡಿತ ಬಿಟ್ಟರೆ ಸುಧಾರಿಸುತ್ತದೆ ಅಂತ ಧೈರ್ಯ ಹೇಳಿದರು. ಆಸ್ಟ್ರೇಲಿಯಾದಲ್ಲಿ ಇದೇ ಬಡಿತದ ಕಾಯಿಲೆ ಇದ್ದು, ಕುಡಿಯುವ ಅಭ್ಯಾಸವೂ ಇದ್ದ 140 ಜನರ ಮೇಲೆ ಅಧ್ಯಯನ ನಡೆದು 2020ರಲ್ಲಿ ಪ್ರಕಟವಾಗಿದೆ. ಅರ್ಧ ಜನರಿಗೆ ಕುಡಿತ ಬಿಡಿ ಅಂದರು, ಇನ್ನರ್ಧ ಜನ ಹಿಂದಿನ ಹಾಗೇ ಇದ್ದರು. ಆರು ತಿಂಗಳಲ್ಲಿ ಹಿಂದಿನ ಹಾಗೇ ಕುಡಿದವರಲ್ಲಿ ಶೇ 73 ಜನರಿಗೆ ಕಾಯಿಲೆ ಮರುಕಳಿಸಿತು. ಬಿಡಿ ಅಂದವರ ಗುಂಪಿನಲ್ಲಿ ಶೇ 53.

ಸ್ವಲ್ಪ ಕುಡಿದರೆ ಹಾರ್ಟಿಗೆ ಒಳ್ಳೇದು ಅನ್ನುವ ಮಾತಿದೆಯಲ್ಲ, ಅದು ನಮ್ಮ ಮನೆಯಲ್ಲೂ ಓಡಾಡುತ್ತಿತ್ತು. ನೆಂಟರ ಹುಡುಗನೊಬ್ಬ ಕೆಂಪು ವೈನ್ ಬಾಟಲಿ ತಂದುಕೊಟ್ಟು, ಇದು ಔಷಧಿ ಇದ್ದ ಹಾಗೆ ಅಂದಿದ್ದ. ಹಳೆಯ ಕೆಲವು ಅಧ್ಯಯನಗಳಲ್ಲಿ ಹಾಗೆ ಕಂಡದ್ದು ನಿಜವಂತೆ. ಆದರೆ ಅಲ್ಲಿ ‘ಕುಡಿಯದವರು’ ಅಂತ ಲೆಕ್ಕ ಹಾಕಿದವರಲ್ಲಿ, ಹಿಂದೆ ಚೆನ್ನಾಗಿ ಕುಡಿದು ಕಾಯಿಲೆ ಬಿದ್ದ ಮೇಲೆ ಬಿಟ್ಟವರೂ ಸೇರಿಕೊಂಡಿದ್ದರು. ಅವರ ಪಕ್ಕದಲ್ಲಿ ಇಟ್ಟು ನೋಡಿದರೆ ಸ್ವಲ್ಪ ಕುಡಿಯುವವರು ಗಟ್ಟಿಮುಟ್ಟಾಗಿಯೇ ಕಾಣುತ್ತಾರೆ ಅಲ್ವಾ? 2022ರಲ್ಲಿ ವಿಶ್ವ ಹೃದಯ ಒಕ್ಕೂಟ, ಎಷ್ಟೇ ಸ್ವಲ್ಪ ಕುಡಿದರೂ ಹೃದಯಕ್ಕೆ ಒಳ್ಳೆಯದಲ್ಲ ಅಂತ ಹೇಳಿತು. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ, ಇಷ್ಟು ಕುಡಿದರೆ ಅಪಾಯ ಇಲ್ಲ ಅನ್ನುವ ಅಳತೆಯೇ ಇಲ್ಲ ಅಂತ ಹೇಳಿತು. ಈ ಮಾತು ಮಾತ್ರ ನಮ್ಮ ಹಳ್ಳಿಗಳಿಗೆ ಬಂದು ಮುಟ್ಟಿಲ್ಲ. ವೈನಿನ ಮಾತು ಎಷ್ಟು ಬೇಗ ಬಂದಿತ್ತು!

ಇನ್ನು ಚಳಿಯ ಮಾತು. ಇದನ್ನು ತೋಟ ಇರುವ ಮನೆಗಳವರು ದಯವಿಟ್ಟು ಕೇಳಿ. ಮಳೆಯಲ್ಲಿ ಮದ್ದು ಹೊಡೆಯಲು, ಅಡಿಕೆ ಗೊನೆಗಳಿಗೆ ಮಳೆ ತಾಗದಂತೆ ಕೊಟ್ಟೆ ಕಟ್ಟಲು ಬರುವ ಕೊನೆಗಾರರಿಗೆ ಸಂಜೆ ಕೂಲಿಯ ಜೊತೆ ಒಂದು ಕ್ವಾರ್ಟರ್ ಕೊಡುವುದು ನಮ್ಮಲ್ಲಿ ರೂಢಿ. ಥಂಡಿಗೆ ಅಂತ. ನಾನೇ ಕೊಟ್ಟಿದ್ದೇನೆ. ಬಾಟಲಿಗಳನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟು, ಸಂಜೆ ಎಣಿಸಿ ಹೊರಗೆ ತೆಗೆದದ್ದು ಈ ಕೈಯೇ. ಒಳ್ಳೆಯದು ಮಾಡುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದೆ. ನಿಜ ಏನೆಂದರೆ, ಕುಡಿದಾಗ ಚರ್ಮದ ರಕ್ತನಾಳಗಳು ಅಗಲವಾಗಿ ಬಿಸಿ ರಕ್ತ ಚರ್ಮಕ್ಕೆ ಬರುತ್ತದೆ, ಅದಕ್ಕೆ ಮೈ ಬೆಚ್ಚಗಾದ ಹಾಗೆ ಅನ್ನಿಸುತ್ತದೆ. ಒಳಗಿನ ಕಾವು ಆ ದಾರಿಯಲ್ಲಿ ಹೊರಗೆ ಹೋಗುತ್ತಿರುತ್ತದೆ. ದಿನವಿಡೀ ನೆನೆದ ಮೈ ಇನ್ನೂ ತಣ್ಣಗಾಗುತ್ತದೆ. ನಮ್ಮ ಕೊನೆಗಾರನಿಗೆ ಈಗ ಐವತ್ತು ದಾಟಿದೆ. ಐವತ್ತು ಅಡಿ ಮರ ಹತ್ತಿ, ಅಲ್ಲಿಂದ ತೂಗಿ ಪಕ್ಕದ ಮರಕ್ಕೆ ದಾಟುವ ಮನುಷ್ಯ. ಅಷ್ಟು ಎತ್ತರದಲ್ಲಿರುವಾಗ ಅವನ ಎದೆಬಡಿತ ಒಮ್ಮೆ ಲಯ ತಪ್ಪಿದರೆ? ಆ ಯೋಚನೆ ಬಂದ ದಿನ ನನಗೆ ರಾತ್ರಿಯಿಡೀ ನಿದ್ದೆ ಬರಲಿಲ್ಲ. ಈ ವರ್ಷ ಮದ್ದು ಹೊಡೆಯುವಾಗ ಕ್ವಾರ್ಟರಿನ ದುಡ್ಡನ್ನು ಕೂಲಿಗೆ ಸೇರಿಸಿ ಕೊಟ್ಟೆ. ಬಚ್ಚಲ ಹಂಡೆಯಲ್ಲಿ ಬಿಸಿನೀರು ಕಾಯಿಸಿಟ್ಟೆ, ಒಣ ಟವೆಲ್ ಕೊಟ್ಟೆ, ಶುಂಠಿ ಕಾಳುಮೆಣಸಿನ ಕಷಾಯ ಕೊಟ್ಟೆ. ಮೊದಲ ದಿನ ಅವನಿಗೆ ಬೇಜಾರಾಯಿತು. ಮೂರನೇ ದಿನ ಅವನ ಹೆಂಡತಿ ಬಂದು ಸುಮ್ನೆ ನನ್ನ ಕೈ ಹಿಡಿದುಕೊಂಡು ನಿಂತಳು.

ಮಾನ್ಯರೇ, ಅಂಗಡಿ ಮುಚ್ಚಿಸಿ ಅಂತ ನಾನು ಈ ಪತ್ರದಲ್ಲಿ ಕೇಳುತ್ತಿಲ್ಲ. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಸಾರಾಯಿಯ ಪ್ಲಾಸ್ಟಿಕ್ ಕೊಟ್ಟೆ ಹೋಯಿತು, ಆ ಜಾಗಕ್ಕೆ ಕ್ವಾರ್ಟರ್ ಬಂತು. ಹಳ್ಳಿಯ ಗೂಡಂಗಡಿಗಳಲ್ಲಿ ಕದ್ದು ಮಾರುವುದರ ಬಗ್ಗೆ ಹೆಂಗಸರು ಬೇಕಾದಷ್ಟು ಅರ್ಜಿ ಕೊಟ್ಟಿದ್ದಾರೆ. ಅದು ದೊಡ್ಡ ಜಗಳ, ಅದನ್ನು ಬಿಡುವವರೂ ನಾವಲ್ಲ. ಇಲ್ಲಿ ಕೇಳುತ್ತಿರುವುದು ಅದಕ್ಕಿಂತ ಎಷ್ಟೋ ಸುಲಭದ್ದು.

ಆ ಪ್ರಶ್ನೆ ಬದಲಾಯಿಸಿ. ಫಾರಂ ಇಡೀ ದೇಶಕ್ಕೆ ಒಂದೇ, ನಮ್ಮ ಕೈಯಲ್ಲಿಲ್ಲ ಅಂತ ಹೇಳಬಹುದು. ಹಾಗಿದ್ದರೆ ಅದರ ಕೆಳಗೆ ಕರ್ನಾಟಕದವರು ಮೂರು ಸಾಲು ಸೇರಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನೆಗಳಿಂದಲೇ ಆಯ್ದ ಮೂರು ಪ್ರಶ್ನೆಗಳ ಚಿಕ್ಕ ಪಟ್ಟಿ ಇದೆ, ಡಾಕ್ಟರುಗಳು ಬಳಸುತ್ತಾರೆ. ಎಷ್ಟು ದಿನಕ್ಕೊಮ್ಮೆ ಕುಡೀತೀರಿ, ಕುಡಿದ ದಿನ ಎಷ್ಟು ಕುಡೀತೀರಿ, ತುಂಬಾ ಜಾಸ್ತಿ ಆಗೋದು ಎಷ್ಟು ಸಲ. ಅಷ್ಟೇ. ಅದನ್ನು ಪೆಗ್ಗು, ಗ್ರಾಂ ಅಂತ ಕೇಳಬೇಡಿ, ಯಾರಿಗೂ ಅರ್ಥ ಆಗುವುದಿಲ್ಲ. ಕ್ವಾರ್ಟರ್ ಎಷ್ಟು, ಬಿಯರ್ ಬಾಟಲಿ ಎಷ್ಟು, ಪ್ಯಾಕೆಟ್ ಎಷ್ಟು ಅಂತ ಕೇಳಿ. ತಿಂಗಳಲ್ಲಿ ಒಂದು ಸಲವಾದರೂ ಒಂದು ಕ್ವಾರ್ಟರ್ ಮುಗಿಸುವವರಿಗೆ ಅಂಕ ಹಾಕಿ. ಹೆಂಗಸರನ್ನೂ ಕೇಳಿ. ಕುಡಿಯುವ ಹೆಂಗಸರೂ ಇದ್ದಾರೆ, ನಾಚಿಕೆಗೆ ಹೇಳುವುದಿಲ್ಲ, ಅವರ ಹೃದಯವೂ ಹೃದಯವೇ.

ಕೇಳುವ ಭಾರವನ್ನು ಆಶಾ ಒಬ್ಬಳ ಮೇಲೆ ಹಾಕಬೇಡಿ. ಅವಳು ನಮ್ಮೂರಲ್ಲೇ ಬಾಳಬೇಕು. ಅತ್ತೆ, ಮಕ್ಕಳು, ಪಕ್ಕದ ಮನೆಯವರು ಕೂತಿರುವ ಜಗುಲಿಯಲ್ಲಿ ಒಬ್ಬ ಗಂಡಸಿಗೆ ಎಷ್ಟು ಕುಡೀತೀಯ ಅಂತ ಕೇಳುವುದು ಅವಳಿಗೆ ಎಷ್ಟು ಕಷ್ಟ! ಅವಳು ತಲೆ ಎತ್ತದೆ ಕೇಳಿದ್ದು ಅದಕ್ಕೇ. ಉಪಕೇಂದ್ರದ ಆರೋಗ್ಯ ಅಧಿಕಾರಿ ಬಿಪಿ ನೋಡುವ ಹೊತ್ತಿಗೆ, ಒಬ್ಬರನ್ನೇ ಕೂರಿಸಿಕೊಂಡು ಕೇಳಲಿ. ಬಿಪಿ ಪಟ್ಟಿ ಬಿಚ್ಚುವ ಮೊದಲು ಅರ್ಧ ನಿಮಿಷ ನಾಡಿ ಹಿಡಿದು, ಲಯ ಸರಿ ಇದೆಯಾ ಅಂತ ನೋಡಲಿ. ಇದಕ್ಕೆ ಹೊಸ ಯಂತ್ರ ಬೇಡ. ಬಿಪಿ ಜಾಸ್ತಿ ಇದ್ದವರಿಗೆ ಉಪ್ಪಿನ ಮಾತು ಹೇಳುವ ಹಾಗೇ ಕ್ವಾರ್ಟರಿನ ಮಾತನ್ನೂ ಹೇಳಲಿ. ಮನೆ ಬಾಗಿಲಿಗೇ ಬರುವ ಗೃಹ ಆರೋಗ್ಯ ಯೋಜನೆ ಇದೆ, ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಜಯದೇವದ ತಜ್ಞರಿಗೆ ತೋರಿಸುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ಇಷ್ಟೆಲ್ಲ ಒಳ್ಳೆಯದು ಮಾಡಿರುವಾಗ, ಒಂದು ಪ್ರಶ್ನೆ ತಪ್ಪಾಗಿ ಕೇಳಿ ಜನರನ್ನು ಕೈ ಬಿಡುವುದು ಬೇಡ.

ಒಂದು ಎಚ್ಚರಿಕೆಯನ್ನೂ ಹೇಳಿಸಿ. ನಿಜವಾಗಿ ದಿನಾ, ಬೆಳಿಗ್ಗೆಯಿಂದಲೇ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯ ಆಗಬಹುದು. ಅಂಥವರು ಡಾಕ್ಟರ ಕೈಕೆಳಗೇ ಬಿಡಬೇಕು. ದೇವರ ಮುಂದೆ ಆಣೆ ಹಾಕಿಸಿ ಮನೆಯಲ್ಲಿ ಕೂರಿಸಿದರೆ ಆಗುವುದಿಲ್ಲ. ದಾರಿ ಕೇಳಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಆ ನಂಬರನ್ನು ಅಂಗನವಾಡಿ ಗೋಡೆ, ಸೊಸೈಟಿ ಗೋಡೆ, ಅಡಿಕೆ ಮಂಡಿಯ ಗೋಡೆ ಮೇಲೆ ಬರೆಸಿ.

ನಮ್ಮನೆಯವರು ಆ ರಾತ್ರಿಯ ನಂತರ ಕುಡಿದಿಲ್ಲ. ಒಂದು ಬಿಪಿ ಮಾತ್ರೆ ಇದೆ, ಹೋದ ವಾರ ನೋಡಿದಾಗ 128/82. ಅಪ್ಪೆಮಿಡಿ ಭರಣಿ ಇನ್ನೂ ಅಟ್ಟದ ಮೇಲೇ ಇದೆ, ಹಬ್ಬಕ್ಕೆ ಒಂದು ಮಿಡಿ ಕೊಡುತ್ತೇನೆ. ರಾತ್ರಿ ಎಚ್ಚರ ಆದಾಗಲೆಲ್ಲ ನನ್ನ ಕೈ ತಾನಾಗಿ ಇವರ ಮಣಿಕಟ್ಟಿಗೆ ಹೋಗುತ್ತದೆ. ಇವರಿಗೆ ಅದು ಗೊತ್ತು, ಆದರೂ ಕೈ ಎಳೆದುಕೊಳ್ಳುವುದಿಲ್ಲ.

ಆಶಾ ಮುಂದಿನ ವಾರ ಮತ್ತೆ ಬರುತ್ತಾಳೆ. ಅದೇ ಫಾರಂ, ಅದೇ ಪ್ರಶ್ನೆ. ದಿನಾ ಕುಡೀತೀರಾ ಅಂತ ಕೇಳಿದರೆ, ಇಲ್ಲ ಅಂತ ಹೇಳಿ ಅಲ್ಲಿಗೇ ನಿಲ್ಲಿಸುವುದಿಲ್ಲ, ಹಿಂದೆ ವಾರಕ್ಕೆ ಎರಡು ಕ್ವಾರ್ಟರ್ ಕುಡಿಯುತ್ತಿದ್ದೆ, ಏನಾಯಿತು ಅಂತ ಪೂರ್ತಿ ಹೇಳುತ್ತೇನೆ ಅಂದಿದ್ದಾರೆ ಇವರು. ಅವಳು ಅದನ್ನು ಬರೆದುಕೊಳ್ಳಲು ಫಾರಂನಲ್ಲಿ ಜಾಗ ಬೇಕು.

ಇಂತಿ,
ಹೊಸನಗರ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ್ತಿ